ನಿಮಗಿದು ಗೊತ್ತೆ? ಮನೆ ಹಿಂದಿನ ಆ ಓಣಿ ಯಾರಿಗಾಗಿ?

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಯಲ್ಲಿ ಹಳೆಯ ಮನೆಗಳ ಸಾಲಿನ ಹಿಂದೆ ಕಿರಿದಾದ ಓಣಿಗಳಿವೆ. ಜನರ ಬಾಯಲ್ಲಿ ಅವು ‘ಕನ್ಸರ್ವೆನ್ಸಿ’. ಈಗ ಅಲ್ಲಿ ಸ್ಕೂಟರ್ ನಿಲ್ಲುತ್ತವೆ, ಕಸ ಬೀಳುತ್ತದೆ. ಎಷ್ಟೋ ಓಣಿಗಳು ಒತ್ತುವರಿಯಾಗಿವೆ.

1898ರಲ್ಲಿ ನಗರಕ್ಕೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಸಾವಿರಾರು ಜನ ಸತ್ತರು. ಅಗಲ ರಸ್ತೆ, ಗಾಳಿ-ಬೆಳಕಿನ ನಿವೇಶನಗಳಿದ್ದ ಈ ಎರಡೂ ಬಡಾವಣೆಗಳು ಚುರುಕಾಗಿ ಬೆಳೆದದ್ದು ಆಮೇಲೆಯೇ.

ಇಲ್ಲಿ ಮನೆಗಳ ಹಿಂದೆ ಓಣಿ ಬಿಟ್ಟದ್ದೂ ನೈರ್ಮಲ್ಯಕ್ಕಾಗಿ, ನಿಜ. ಆದರೆ ಅದರಲ್ಲಿ ಜಾತಿಯ ಗೆರೆಯೂ ಇತ್ತು. ಒಳಚರಂಡಿ ಇಲ್ಲದ ಆ ಕಾಲದಲ್ಲಿ ಕಕ್ಕಸು ಹಿತ್ತಲಲ್ಲಿರುತ್ತಿತ್ತು, ಅದರ ಗೋಡೆಯ ಬುಡದಲ್ಲೊಂದು ಕಿಂಡಿ. ಓಣಿಯಿಂದಲೇ ಕೈಹಾಕಿ ಮಲ ಬಾಚಿ, ಬಕೆಟ್‌ಗೆ ತುಂಬಿ, ತಲೆಯ ಮೇಲೆ ಹೊತ್ತೊಯ್ಯುತ್ತಿದ್ದವರು ದಲಿತರು. ಮುಂಬಾಗಿಲಿನ ಬೀದಿಯಲ್ಲಿ ಅವರು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ತಲೆಯ ಮೇಲೆ ಮಲ ಹೊರುವ ಈ ಅಮಾನವೀಯ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದವರು ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ, 1970ರ ದಶಕದಲ್ಲಿ. ಇದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಅವರಿಗೆ ಇಂದಿಗೂ ಸಂದಿಲ್ಲ. ಸಂಸತ್ತು ಈ ಬಗ್ಗೆ ಕಾಯ್ದೆ ಮಾಡಿದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದನ್ನು ತರಬೇಕಾಯಿತು.