ಆಸ್ಪತ್ರೆಯ ಬೋರ್ಡಿನ ಮೇಲಿನ ಹಾವು



ನಮ್ಮ ಧರ್ಮಕೇಂದ್ರದ ಡಿಸ್ಪೆನ್ಸರಿಗೆ ಹೊಸ ಬೋರ್ಡು ಬರೆಸಿದೆವು. ಪೇಂಟರ್ ತಾನಾಗಿಯೇ ಒಂದು ಕೋಲು, ಅದಕ್ಕೆ ಸುತ್ತಿಕೊಂಡ ಎರಡು ಹಾವು, ತುದಿಗೆ ಒಂದು ಜೊತೆ ರೆಕ್ಕೆ ಬರೆದುಬಿಟ್ಟಿದ್ದ. ಭಾನುವಾರ ಪೂಜೆ ಮುಗಿದ ಮೇಲೆ ಹಿರಿಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, "ಸ್ವಾಮೀ, ಹವ್ವಳನ್ನು ಕೆಡಿಸಿದ್ದು ಹಾವೇ ಅಲ್ಲವೇ? ಇಲ್ಲಿ ಅದಕ್ಕೇನು ಕೆಲಸ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸ್ವಲ್ಪ ಉದ್ದವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಈ ಕೋಲು ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸನದು. ಹೋಮರನ ಇಲಿಯಡ್ ಕಾವ್ಯದಲ್ಲಿ ಅವನು ದೇವರಲ್ಲ, ಬರೀ ಒಳ್ಳೆಯ ವೈದ್ಯ; ಅವನ ಇಬ್ಬರು ಗಂಡುಮಕ್ಕಳು ಟ್ರಾಯ್ ಯುದ್ಧಕ್ಕೆ ಬಂದಿದ್ದರು. ಆಮೇಲಿನ ಕಥೆಗಳಲ್ಲಿ ಅವನು ಅಪೊಲೊ ದೇವತೆಯ ಮಗನಾದ. ಅರ್ಧ ಕುದುರೆ, ಅರ್ಧ ಮನುಷ್ಯನಾದ ಖೈರಾನನ ಬಳಿ ವೈದ್ಯ ಕಲಿತ. ಕೊನೆಗೆ ಸತ್ತವರನ್ನೂ ಬದುಕಿಸತೊಡಗಿದಾಗ ಸ್ಯೂಸ್ ದೇವತೆ ಸಿಡಿಲು ಹೊಡೆದು ಅವನನ್ನು ಕೊಂದನಂತೆ. ಅವನ ಹೆಣ್ಣುಮಕ್ಕಳಲ್ಲಿ ಒಬ್ಬಳು ಹೈಜಿಯಾ. ಶಾಲೆಯಲ್ಲಿ ಮಕ್ಕಳು ಕಲಿಯುವ 'ಹೈಜೀನ್' ಎಂಬ ಮಾತು ಆಕೆಯ ಹೆಸರಿನೊಂದಿಗೆ ಸಂಬಂಧವುಳ್ಳದ್ದು.

ಗ್ರೀಸಿನ ಎಪಿಡಾರಸ್‌ನಲ್ಲಿ ಅವನ ದೊಡ್ಡ ಗುಡಿಯಿತ್ತು. ರೋಗಿಗಳು ರಾತ್ರಿ ಅಲ್ಲಿ ಮಲಗುತ್ತಿದ್ದರು. ಕನಸಿನಲ್ಲಿ ದೇವತೆ ಬಂದು ಗುಣಪಡಿಸುತ್ತಾನೆ ಎಂಬ ನಂಬಿಕೆ. ಗುಣವಾದವರ ವಿವರಗಳನ್ನು ಕೆತ್ತಿದ ಕಲ್ಲುಗಳು ಅಲ್ಲಿ ಸಿಕ್ಕಿವೆ. ಗುಡಿಯಲ್ಲಿ ಹಾವುಗಳನ್ನು ಸಾಕುತ್ತಿದ್ದರು. ಅವು ನಮ್ಮ ಕೇರೆಯಂತೆ ವಿಷವಿಲ್ಲದವು. ಪೊರೆ ಕಳಚಿ ಹೊಸದಾಗುವ ಪ್ರಾಣಿಯೆಂದು ಹಾವನ್ನು ಆರೋಗ್ಯದ ಗುರುತಾಗಿ ಹಿಡಿದರೆಂದು ತಿಳಿದವರು ಹೇಳುತ್ತಾರೆ.

ಕ್ರಿಸ್ತಪೂರ್ವ 293ರಲ್ಲಿ ರೋಮ್ ಪಟ್ಟಣಕ್ಕೆ ಸಾಂಕ್ರಾಮಿಕ ರೋಗ ತಗಲಿತು. ರೋಮಿನವರು ಎಪಿಡಾರಸ್‌ಗೆ ಹಡಗು ಕಳುಹಿಸಿ ಒಂದು ಹಾವನ್ನು ತರಿಸಿದರು. ಅದು ಟೈಬರ್ ನದಿಯ ನಡುಗಡ್ಡೆಯಲ್ಲಿ ಇಳಿದುಹೋಯಿತೆಂದು ಅಲ್ಲಿಯೇ ಗುಡಿ ಕಟ್ಟಿದರು ಎಂಬುದು ಐತಿಹ್ಯ. ಇಂದು ಆ ಸ್ಥಳದಲ್ಲಿ ಸಂತ ಬಾರ್ತೊಲೊಮೆಯ ದೇವಾಲಯವಿದೆ. ಅದೇ ನಡುಗಡ್ಡೆಯಲ್ಲಿ 1585ರಲ್ಲಿ ದೇವರ ಸಂತ ಯೊವಾನ್ನರ ಸಭೆಯ ಸಹೋದರರು ಆಸ್ಪತ್ರೆ ತೆರೆದರು. ಅಲ್ಲಿ ಇಂದಿಗೂ ಆಸ್ಪತ್ರೆ ನಡೆಯುತ್ತಿದೆ. ಗುಡಿ ಹೋಯಿತು, ರೋಗಿಗಳು ಬರುವುದು ನಿಲ್ಲಲಿಲ್ಲ.

ಹಿರಿಯರಿಗೆ ನಾವು ಸಂಖ್ಯಾಕಾಂಡದ 21ನೇ ಅಧ್ಯಾಯವನ್ನೂ ನೆನಪಿಸಿದೆವು. ಮೋಶೆ ಎತ್ತಿಹಿಡಿದ ಕಂಚಿನ ಸರ್ಪಕ್ಕೂ ಗ್ರೀಕರ ಕೋಲಿಗೂ ನೇರ ಸಂಬಂಧವಿಲ್ಲ. ಆದರೆ ಬೈಬಲಿನಲ್ಲಿ ಹಾವೆಂದರೆ ಸೈತಾನನೊಬ್ಬನೇ ಅಲ್ಲ. ಮುಂದೆ ಜನರು ಆ ಸರ್ಪಕ್ಕೇ ಧೂಪ ಹಾಕತೊಡಗಿದ್ದರಿಂದ ಅರಸ ಹಿಜ್ಕೀಯ ಅದನ್ನು ಒಡೆಸಿದ. ಹಿರಿಯರ ಅಂಜಿಕೆಯಲ್ಲಿಯೂ ಹುರುಳಿದೆ.

ಪೇಂಟರ್ ಮಾಡಿದ ತಪ್ಪು ಬೇರೆ. ಎರಡು ಹಾವು, ರೆಕ್ಕೆ ಇರುವ ಕೋಲು ಹರ್ಮಿಸ್ ದೇವತೆಯದು; ಅವನು ವ್ಯಾಪಾರಿಗಳಿಗೂ ಕಳ್ಳರಿಗೂ ದೇವತೆ. 1902ರಲ್ಲಿ ಅಮೆರಿಕದ ಸೈನ್ಯದ ವೈದ್ಯದಳ ಅದನ್ನೇ ತನ್ನ ಗುರುತಾಗಿ ಮಾಡಿಕೊಂಡಿತು, ಗೊಂದಲ ಹಬ್ಬಿತು. (ಕೆಲವು ಆಸ್ಪತ್ರೆಗಳ ಬಿಲ್ಲು ನೋಡಿದರೆ ಹರ್ಮಿಸನ ಕೋಲೇ ಸರಿ ಎನಿಸುತ್ತದೆ!) 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಹಾವಿನ ಕೋಲನ್ನು ತನ್ನ ಲಾಂಛನವಾಗಿ ಆರಿಸಿತು.

ಅವನ ಹೆಸರು ನಮ್ಮ ಬೇಲಿಯವರೆಗೂ ಬಂದಿದೆ. ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1753ರಲ್ಲಿ ನಮ್ಮ ಎಕ್ಕದ ಗಿಡಕ್ಕೆ 'ಅಸ್ಕ್ಲೀಪಿಯಾಸ್' ಎಂದೇ ಹೆಸರಿಟ್ಟಿದ್ದ. ಈಗ ಆ ಹೆಸರು ಬದಲಾಗಿದೆ. ವೈದ್ಯನ ಹೆಸರೆಂದು ಎಕ್ಕದ ಹಾಲನ್ನು ಹಚ್ಚಲು ಹೋಗಬೇಡಿ. ಅದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಇನ್ನು ಕೇರೆಯಲ್ಲದ ಹಾವುಗಳ ಮಾತು. ಹಾವನ್ನು ಲಾಂಛನದಲ್ಲಿಟ್ಟ ಅದೇ ಸಂಸ್ಥೆ 2017ರಲ್ಲಿ ಹಾವಿನ ವಿಷಬಾಧೆಯನ್ನು ಅಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿತು. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು ಅಂದಾಜು, ಹೆಚ್ಚಿನವರು ಹಳ್ಳಿಯವರು. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚಿದರೆ ನೋವೂ ಗುರುತೂ ಕಾಣದೆ ಇರಬಹುದು. ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕೈಕಾಲು ಅಲುಗದಂತೆ ಇಟ್ಟು, ನಡೆಸದೆ, ವಿಷನಿವಾರಕ ಇಂಜೆಕ್ಷನ್ ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ. ನಮ್ಮ ಡಿಸ್ಪೆನ್ಸರಿಯಲ್ಲಿ ಆ ಇಂಜೆಕ್ಷನ್ ಇಲ್ಲ. ಇಲ್ಲಿಗೆ ಬಂದು ಹೊತ್ತು ಕಳೆಯಬೇಡಿ.

ಪೇಂಟರ್ ಬರುವ ಶನಿವಾರ ಬರುತ್ತಾನೆ. ಒಂದು ಹಾವನ್ನೂ ಎರಡೂ ರೆಕ್ಕೆಗಳನ್ನೂ ಅಳಿಸಲು ಹೇಳಿದ್ದೇವೆ.