ಪಳ್ಳದ ಬದಿಯಲ್ಲಿ ಒಂದು ಹಗಲು

ಧನು ತಿಂಗಳಲ್ಲಿ ಕುಂಬಳೆ ಸೀಮೆಯ ದೇವಸ್ಥಾನಗಳಲ್ಲಿ ಬೆಳಗಾಗುವ ಮೊದಲೇ ಪೂಜೆಯ ಗಂಟೆ ಕೇಳುತ್ತದೆ. ಸುಮಾರು ಅದೇ ಹೊತ್ತಿಗೆ ತೋಟದ ಬದಿಯ ಪೊದೆಯಿಂದ ಎರಡು ಸ್ವರದ ಸಿಳ್ಳೊಂದು ಏಳುತ್ತದೆ. ಅದು ನವರಂಗ. ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯಭಾರತದಲ್ಲಿಯೂ ಮರಿಮಾಡಿ, ಚಳಿಗಾಲ ಕಳೆಯಲು ತೆಂಕಣಕ್ಕೆ ಬರುವ ಹಕ್ಕಿ. ಮುಂಜಾನೆ, ಮುಸ್ಸಂಜೆ ಹೊತ್ತು ತಪ್ಪದೆ ಕೂಗುವುದರಿಂದ ತಮಿಳರು ಇದನ್ನು ‘ಆರು ಗಂಟೆ ಹಕ್ಕಿ’ ಎನ್ನುತ್ತಾರೆ.

ಹಕ್ಕಿ ನೋಡಬೇಕಾದರೆ ರಂಗನತಿಟ್ಟಿಗೇ ಹೋಗಬೇಕೆಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ನಾವು ಕೆಲವು ಶಾಲಾ ಮಕ್ಕಳನ್ನು ಕರೆದುಕೊಂಡು ಕಿದೂರಿನ ಗುಡ್ಡೆ ಹತ್ತಿದೆವು. ಮುರಕಲ್ಲಿನ ಹಾಸಿನ ತಗ್ಗಿನಲ್ಲಿ ಮಳೆನೀರು ನಿಂತು ಆದದ್ದು ಪಳ್ಳ. ಧನುವಿನಲ್ಲಿ ನಡುವೆ ಮಾತ್ರ ಮೊಣಕಾಲು ನೀರು, ಸುತ್ತಲೂ ಕೆಸರು. ಹಕ್ಕಿಗಳಿಗೆ ಬೇಕಾದುದು ಆ ಕೆಸರೇ. ಟಿಟ್ಟಿಭಗಳು ನಮ್ಮನ್ನು ಕಂಡು ಬೊಬ್ಬೆ ಹಾಕಿದವು. ಸಿಪಿಲೆ ಬಾಲ ಕುಣಿಸುತ್ತಾ ಓಡಿತು.

ಹುಡುಗನೊಬ್ಬ ಬಿಳಿಯ ಹಕ್ಕಿಯತ್ತ ಕೈತೋರಿ “ಕೊಕ್ಕ್!” ಎಂದ. ದನ ಮೇಯಿಸುತ್ತಿದ್ದ ಅಜ್ಜರೊಬ್ಬರು ನಕ್ಕರು. “ಕೊಕ್ಕು ಅದರ ಮೂತಿಯಲ್ಲಿ ಉಂಟು ಮಗಾ. ಹಕ್ಕಿಯ ಹೆಸರು ಬೆಳ್ಳಕ್ಕಿ.”

ಹುಡುಗನದು ತಪ್ಪಲ್ಲ. ಮಲಯಾಳದಲ್ಲಿ ಅದು ಕೊಕ್ಕೇ. ಮಿಂಚುಳ್ಳಿಗೆ ಅವರಿಟ್ಟ ‘ಪೊನ್ಮಾನ್’ ಎಂಬ ಹೆಸರೂ ಚೆಂದವೇ. ನಮ್ಮ ಚಿಂತೆ ಬೇರೆ. ಬೆಳ್ಳಕ್ಕಿ, ಗೊರವ, ಹುಂಡುಕೋಳಿ ಎಂದು ಗುರುತಿಸಿ ಹೇಳುವವರು ಬೈಲಿನಲ್ಲಿ ಗದ್ದೆ ಉತ್ತವರು, ಗುಡ್ಡೆಯಲ್ಲಿ ದನ ಕಾದವರು. ಗದ್ದೆ ತೋಟವಾಗಿ, ಗುಡ್ಡೆ ಕೆಂಪುಕಲ್ಲಿನ ಕೋರೆಯಾದಲ್ಲಿ ಹಕ್ಕಿಗೂ ನೆಲೆಯಿಲ್ಲ, ಹೆಸರಿಗೂ ಇಲ್ಲ. ಪುಸ್ತಕದಲ್ಲಿ ಹುಡುಕೋಣವೆಂದರೆ, ಸಾಲಿಂ ಅಲಿಯವರು 1933ರಲ್ಲಿ ಕೈಗೊಂಡ ಸರ್ವೆ ತಿರುವಿದಾಂಕೂರು, ಕೊಚ್ಚಿ ಸಂಸ್ಥಾನಗಳದ್ದು. ಕಾಸರಗೋಡು ಆಗ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಸರ್ವೆಯ ಎಲ್ಲೆಯೊಳಗೆ ನಮ್ಮ ಗುಡ್ಡೆಗಳಿರಲಿಲ್ಲ.

ನಡುಹಗಲು ಅನಂತಪುರ. 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಬಬಿಯಾ ಮೊಸಳೆಯನ್ನು ನೆನೆಯುವವರು ಅಲ್ಲಿ ಹಲವರು. ಕೆರೆಯ ಕಲ್ಲಿನ ಮೇಲೆ ಧ್ಯಾನಕ್ಕೆ ಕೂತ ಮಿಂಚುಳ್ಳಿಯನ್ನು ಕೇಳುವವರಿಲ್ಲ.

ಬಿಸಿಲು ಇಳಿದ ಮೇಲೆ ಶಿರಿಯ ಅಳಿವೆಗೆ ಬಂದೆವು. ಟಿಬೆಟ್ಟಿನ ಸರೋವರಗಳ ಕಡೆ ಮರಿಮಾಡುವ ಕಂದುತಲೆಯ ಕಡಲಕ್ಕಿಗಳು ಮರಳ ದಿಬ್ಬದಲ್ಲಿ ಸಾಲಾಗಿ ಕೂತಿದ್ದವು. ಚಳಿಗಾಲದಲ್ಲಿ ಆ ತಲೆ ಬೆಳ್ಳಗಾಗಿ, ಕಣ್ಣಿನ ಹಿಂದೆ ಕಪ್ಪು ಬೊಟ್ಟು ಮಾತ್ರ ಉಳಿಯುತ್ತದೆ. ಅಷ್ಟರಲ್ಲಿ ಅವೆಲ್ಲ ಒಮ್ಮೆಲೇ ಎದ್ದವು. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು! 2023ರಲ್ಲಿ ಕಾಸರಗೋಡು ಜಿಲ್ಲೆಯ ಹಕ್ಕಿಯೆಂದು ಘೋಷಿತವಾದುದು ಇದೇ. ಜಿಲ್ಲೆಯ ಮರವೆಂಬ ಮಾನ ಕಾಸರಕನಿಗೆ ಸಂದಿತು.

ಮಕ್ಕಳು ಪುಸ್ತಕದಲ್ಲಿ ಮೂರು ಗೆರೆ ಎಳೆದು ಕನ್ನಡ, ತುಳು, ಮಲಯಾಳ ಎಂದು ಹೆಸರುಗಳನ್ನು ಬರೆದುಕೊಂಡಿದ್ದರು. ಕಡಲಕ್ಕಿಯ ಎದುರು ತುಳುವಿನ ಜಾಗ ಖಾಲಿ. ಮೀನುಗಾರರ ಕೇರಿಯಲ್ಲಿ ಕೇಳಿ ಬರೆಯುತ್ತೇವೆಂದು ಹೇಳಿ ಬಸ್ಸು ಹತ್ತಿದರು.