ರೋಮಿನಲ್ಲಿ ಮೂರು ಚಿನ್ನ, ಊರಿನಲ್ಲಿ ಒಂದು ಹಠ

1960ರ ರೋಮ್ ಒಲಿಂಪಿಕ್ಸಿನಲ್ಲಿ ಮೂರು ಚಿನ್ನ ಗೆದ್ದ ವಿಲ್ಮಾ ರುಡಾಲ್ಫಳ ಹೆಸರನ್ನು ನಮ್ಮ ಹಿರಿಯ ಓದುಗರು ಕೇಳಿರಬಹುದು. ಆ ಪದಕಗಳ ಹಿಂದುಮುಂದಿನ ಸಂಗತಿಗಳನ್ನು ಮಕ್ಕಳಿಗೂ ಹೇಳಬೇಕೆಂದು ನಮಗೆ ಅನಿಸುತ್ತದೆ.

ಅಮೆರಿಕದ ಟೆನೆಸಿ ರಾಜ್ಯದ ಕ್ಲಾರ್ಕ್ಸ್‌ವಿಲ್ ಆಕೆಯ ಊರು. ಬಡ ಕರಿಯ ಕುಟುಂಬ. ತಂದೆ ರೈಲ್ವೆ ಪೋರ್ಟರ್. ತಾಯಿ ಬ್ಲಾಂಚ್ ಬಿಳಿಯರ ಮನೆಗಳಲ್ಲಿ ಕೆಲಸದಾಕೆ. ತಂದೆಯ ಎರಡು ಮದುವೆಗಳ 22 ಮಕ್ಕಳಲ್ಲಿ ವಿಲ್ಮಾ 20ನೆಯವಳು. 1940ರ ಜೂನ್ 23ರಂದು, ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ಎಳವೆಯಲ್ಲೇ ಪೋಲಿಯೋ ಬಡಿದು ಎಡಗಾಲು ಸೋತಿತು. ಊರಿನಲ್ಲಿ ಕರಿಯರಿಗೆ ತಕ್ಕ ಚಿಕಿತ್ಸೆ ಸಿಗುತ್ತಿರಲಿಲ್ಲ. ತಾಯಿ ವಾರವಾರವೂ ಸುಮಾರು 80 ಕಿ.ಮೀ. ದೂರದ ನ್ಯಾಶ್‌ವಿಲ್‌ಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಳು, ಅದೂ ಕರಿಯರಿಗೆಂದು ಬಿಟ್ಟ ಹಿಂದಿನ ಸೀಟಿನಲ್ಲಿ. ಅಲ್ಲಿ ಕಾಲು ತಿಕ್ಕುವ ಕ್ರಮ ಕಲಿತುಬಂದಳು. ಮತ್ತೆ ಮನೆಯಲ್ಲಿ ಅಕ್ಕ, ಅಣ್ಣಂದಿರು ಸರದಿಯಂತೆ ದಿನವೂ ತಿಕ್ಕಿದರು. ಹನ್ನೆರಡರ ಹೊತ್ತಿಗೆ ಕಬ್ಬಿಣದ ಪಟ್ಟಿ, ವಿಶೇಷ ಬೂಟು ಎಲ್ಲವೂ ಮೂಲೆ ಸೇರಿದ್ದವು.

ಮತ್ತೆ ನಾಲ್ಕೇ ವರ್ಷ. 1956ರ ಮೆಲ್ಬರ್ನಿನಲ್ಲಿ, 16ನೆಯ ಪ್ರಾಯದಲ್ಲಿ, ರಿಲೇಯಲ್ಲಿ ಕಂಚು! ಟೆನೆಸಿ ಸ್ಟೇಟ್‌ನ ತರಬೇತುದಾರ ಎಡ್ ಟೆಂಪಲ್ ಅಷ್ಟರಲ್ಲೇ ಆಕೆಯನ್ನು ಗುರುತಿಸಿದ್ದರು.

ರೋಮಿನಲ್ಲಿ 100 ಮೀಟರನ್ನು 11.0 ಸೆಕೆಂಡುಗಳಲ್ಲಿ ಓಡಿದಳು. ಬೆನ್ನಿಗೆ ಗಾಳಿ ಹೆಚ್ಚಿದ್ದುದರಿಂದ ಅದು ದಾಖಲೆಯಾಗಲಿಲ್ಲ. 200 ಮೀಟರ್ ಕೂಡ ಆಕೆಯದೇ. ರಿಲೇಯ ನಾಲ್ವರೂ ಟೆನೆಸಿ ಸ್ಟೇಟ್‌ನ ಹುಡುಗಿಯರು. ಕೊನೆಯ ಸರದಿಯ ವಿಲ್ಮಾಳ ಕೈಗೆ ಬ್ಯಾಟನ್ ಬರುವಾಗ ತಪ್ಪಿಹೋಗುವುದರಲ್ಲಿತ್ತು. ಶಾಲಾ ಕ್ರೀಡಾಕೂಟಗಳಲ್ಲಿ ಬ್ಯಾಟನ್ ಕೈಜಾರಿ ಅತ್ತ ಮಕ್ಕಳನ್ನು ಕಂಡ ನಮಗೆ ಆ ಗಳಿಗೆ ಎಂಥದೆಂದು ಗೊತ್ತು. ಆಕೆ ಹಿಂದೆ ಬಿದ್ದರೂ ಓಡಿ ಗೆದ್ದಳು. ಒಂದೇ ಒಲಿಂಪಿಕ್ಸಿನ ಓಟಗಳಲ್ಲಿ ಮೂರು ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆ ಆಕೆ.

ಊರಿನವರು ಮೆರವಣಿಗೆಗೆ ಸಿದ್ಧತೆ ಮಾಡಿದರು. ಕರಿಯರು ಬೇರೆ, ಬಿಳಿಯರು ಬೇರೆ ನಿಲ್ಲುವುದು ಆ ಕಾಲದ ರೂಢಿ. ಹಾಗಾದರೆ ತಾನು ಬರುವುದಿಲ್ಲ ಎಂದಳು ವಿಲ್ಮಾ. ಇಪ್ಪತ್ತರ ಹುಡುಗಿ, ಗೆದ್ದ ಸಂಭ್ರಮದಲ್ಲಿ ಸುಮ್ಮನಿದ್ದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕೊನೆಗೆ ಊರೇ ಮಣಿಯಿತು. 1960ರ ಅಕ್ಟೋಬರಿನ ಆ ಮೆರವಣಿಗೆ, ಔತಣಕೂಟಗಳಲ್ಲಿ ಕ್ಲಾರ್ಕ್ಸ್‌ವಿಲ್‌ನ ಎರಡೂ ವರ್ಣದವರು ಮೊದಲ ಬಾರಿಗೆ ಒಟ್ಟಿಗೆ ಸೇರಿದರು.

1962ರಲ್ಲಿ ಓಟ ನಿಲ್ಲಿಸಿದಳು. ಹವ್ಯಾಸಿ ಕ್ರೀಡೆಯ ಆ ದಿನಗಳಲ್ಲಿ ಚಿನ್ನದ ಪದಕದಿಂದ ಹೊಟ್ಟೆ ತುಂಬುತ್ತಿರಲಿಲ್ಲ. 1963ರಲ್ಲಿ ಪದವಿ ಪಡೆದು ಊರಿಗೇ ಮರಳಿ ಅಧ್ಯಾಪಿಕೆಯಾದಳು ಎಂಬುದು, ಅದೇ ವೃತ್ತಿಯವರಾದ ನಮಗೆ, ಸ್ವಲ್ಪ ಹೆಚ್ಚೇ ಹಿತವಾದ ವಿಷಯ. 1994ರ ನವೆಂಬರ್ 12ರಂದು, 54ನೆಯ ವಯಸ್ಸಿನಲ್ಲಿ ತೀರಿಕೊಂಡಳು. ತಾನು ಓದಿದ ಬರ್ಟ್ ಹೈಸ್ಕೂಲಿನಲ್ಲೇ ಆಕೆ ಹುಡುಗಿಯರಿಗೆ ಓಟ ಕಲಿಸಿದ್ದಳು.